ಸರ್ಕಾರಿ ಶಾಲೆಯಲ್ಲಿ ವಿಮರ್ಶಾತ್ಮಕ ಬೋಧನೆ: ಸಂಶೋಧನೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಎಂ.ಎಡ್. ವಿದ್ಯಾರ್ಥಿನಿ, ವಿಜಯನಗರ

ನನ್ನ ಕಿರುಪ್ರಬಂಧಕ್ಕೆ ವಿಮರ್ಶಾತ್ಮಕ ಬೋಧನಾಶಾಸ್ತ್ರ (ಮಕ್ಕಳು ತಮ್ಮ ಬದುಕಿನ ಅಸಮಾನತೆಗಳನ್ನು ತಾವೇ ಪ್ರಶ್ನಿಸುವಂತೆ ಕಲಿಸುವ ವಿಧಾನ) ಮತ್ತು ಸಾಮಾಜಿಕ ಹಿಂದುಳಿದಿರುವಿಕೆ ಎಂಬ ವಿಷಯವನ್ನು ಆರಿಸಿಕೊಂಡಿದ್ದೇನೆ. ವೈಟ್‌ಫೀಲ್ಡ್ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕೆಂದಿದ್ದೇನೆ. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೇ ಅಲ್ಲಿ ಹೆಚ್ಚು. ಶಿಕ್ಷಕರು ಠೇವಣಿ ಇಡುವವರು, ಮಕ್ಕಳು ಬರಿಯ ಖಾತೆಗಳು ಎಂಬಂತೆ ನಡೆಯುವ ಬೋಧನೆಯನ್ನು ಬ್ರೆಜಿಲ್‌ನ ಶಿಕ್ಷಣ ಚಿಂತಕ ಪಾಲೊ ಫ್ರೇರೆ ಟೀಕಿಸಿದ್ದನ್ನು ಓದಿದ ಮೇಲೆ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಆದರೆ ನನ್ನ ಮಾರ್ಗದರ್ಶಕರು, ಇದು ಸಿದ್ಧಾಂತವೇ ಹೊರತು ಅಳೆಯಬಹುದಾದ ಸಂಗತಿಯಲ್ಲ, ಆದ್ದರಿಂದ ಶಿಕ್ಷಕರ ಮನೋಭಾವವನ್ನು ತಿಳಿಯಲು ಐದು ಅಂಕಗಳ ಮಾಪನಿಯುಳ್ಳ ಪ್ರಶ್ನಾವಳಿಯೊಂದನ್ನು ತಯಾರಿಸು ಎನ್ನುತ್ತಿದ್ದಾರೆ. ಪ್ರಶ್ನಾವಳಿಯಿಂದ ಏನಾದರೂ ತಿಳಿಯುತ್ತದೆಯೇ? ಪಾಠ ಮುಗಿಸುವ ಒತ್ತಡವಿರುವ ತರಗತಿಯಲ್ಲಿ ಇಂತಹ ಬೋಧನೆಗೆ ಎಡೆಯಿದೆಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಶಿಕ್ಷಣ ಸಂಶೋಧಕ, ಸರ್ಜಾಪುರ ರಸ್ತೆ

ಪ್ರಶ್ನಾವಳಿಯನ್ನು ಕೈಬಿಡಿ ಎಂದೇ ಹೇಳುತ್ತೇನೆ. 'ಎಲ್ಲ ಮಕ್ಕಳೂ ಸಮಾನವಾಗಿ ಕಲಿಯಬಲ್ಲರು' ಎಂಬ ಹೇಳಿಕೆಯನ್ನು ಒಪ್ಪುವುದಿಲ್ಲವೆಂದು ಗುರುತು ಹಾಕುವ ಶಿಕ್ಷಕರು ನಿಮಗೆ ಸಿಗುವುದು ಕಷ್ಟ. ಅದೇ ಶಿಕ್ಷಕರು ಮರುಗಳಿಗೆಯಲ್ಲಿ ಯಾರನ್ನು ಕಪ್ಪುಹಲಗೆಗೆ ಕರೆಯುತ್ತಾರೆ, ಯಾರನ್ನು ನೀರು ತರಲು ಕಳಿಸುತ್ತಾರೆ ಎಂಬುದು ಯಾವ ಮಾಪನಿಯಲ್ಲೂ ಬರುವುದಿಲ್ಲ.

ಜೀನ್ ಆನ್ಯನ್ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮೊದಲು ಓದಿ. ಅಮೆರಿಕದ ನ್ಯೂಜೆರ್ಸಿಯ ಐದು ಪ್ರಾಥಮಿಕ ಶಾಲೆಗಳ ಐದನೆಯ ತರಗತಿಗಳಲ್ಲಿ ಕುಳಿತು, ಒಂದೇ ಬಗೆಯ ಪಾಠವನ್ನು ಬೇರೆ ಬೇರೆ ವರ್ಗದ ಮಕ್ಕಳಿಗೆ ಹೇಗೆ ಕಲಿಸುತ್ತಾರೆಂದು ಅವರು ಬರೆದಿಟ್ಟರು. ಕಾರ್ಮಿಕರ ಮಕ್ಕಳಿದ್ದ ಶಾಲೆಗಳಲ್ಲಿ ಕಲಿಕೆಯೆಂದರೆ ಹೇಳಿದ ಹಂತಗಳನ್ನು ತಪ್ಪದೆ ಪಾಲಿಸುವುದು. ಮಧ್ಯಮ ವರ್ಗದ ಶಾಲೆಯಲ್ಲಿ ಸರಿಯುತ್ತರ ಪಡೆಯುವುದು. ವೃತ್ತಿಪರರ ಮಕ್ಕಳಿದ್ದಲ್ಲಿ ಸ್ವಂತ ಆಲೋಚನೆಯಿಂದ ಏನನ್ನಾದರೂ ರಚಿಸುವುದು. ಅತಿ ಸಿರಿವಂತರ ಶಾಲೆಯಲ್ಲಿ ತರ್ಕಿಸಿ ನಿರ್ಧರಿಸುವುದು. ಹಿಂದುಳಿದಿರುವಿಕೆ ಮಗುವಿನ ಮನೆಯಿಂದ ಮಾತ್ರ ಬರುವುದಲ್ಲ, ಗಂಟೆಗಂಟೆಗೂ ತರಗತಿಯಲ್ಲೇ ತಯಾರಾಗುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸಿದ ಬರಹವನ್ನು ನಾನು ಓದಿಲ್ಲ.

ನಿಮ್ಮ ಶಾಲೆಯಲ್ಲಿಯೂ ಹೀಗೆಯೇ ಕುಳಿತುಕೊಳ್ಳಿ. ಶಿಕ್ಷಕರು 'ಏನು' ಎಂಬ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ, 'ಏಕೆ' ಎಂಬುದನ್ನು ಯಾರಿಗೆ ಕೇಳುತ್ತಾರೆ, ಉತ್ತರ ತಡವಾದಾಗ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಪ್ರಸಂಗವಶಾತ್ ಒಂದು ಮಾತು: ಚಟುವಟಿಕೆ ಇದ್ದಲ್ಲೆಲ್ಲ ವಿಮರ್ಶಾತ್ಮಕ ಬೋಧನೆ ಇದೆಯೆಂದು ಭಾವಿಸಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ, ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ಪದ್ಧತಿ ಮಕ್ಕಳಿಗೆ ತಮ್ಮದೇ ವೇಗದಲ್ಲಿ ಕಲಿಯುವ ಅವಕಾಶ ಕೊಟ್ಟಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಕಾರ್ಡು ಹಿಡಿದು ನಲಿಯುತ್ತಿರುವ ಮಗು ತನ್ನ ಬದುಕಿನ ಬಗ್ಗೆ ಪ್ರಶ್ನೆ ಕೇಳುತ್ತಿದೆಯೇ ಎಂಬುದು ಬೇರೆಯೇ ವಿಚಾರ.

ಉತ್ತರ 2: ಗಣಿತ ಶಿಕ್ಷಕಿ, ಬೆಂಗಳೂರು ಪೂರ್ವ

ಎಡೆ ಇದೆಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ತರಗತಿಯಿಂದಲೇ ಉತ್ತರಿಸುತ್ತೇನೆ. ಏಳನೆಯ ತರಗತಿಗೆ ಶೇಕಡಾವಾರು ಪಾಠ ಮಾಡುವಾಗ, ಅಂಗಡಿಯ ರಿಯಾಯಿತಿಯ ಲೆಕ್ಕವನ್ನು ಬದಿಗಿಟ್ಟು, ಮನೆಯಲ್ಲಿ ಬಟವಾಡೆ ಹೇಗೆ ಆಗುತ್ತದೆಂದು ಕೇಳಿದೆ. ಅಪರೂಪಕ್ಕೆ ಬಾಯಿಬಿಡುತ್ತಿದ್ದ ಹುಡುಗನೊಬ್ಬ, ಹಬ್ಬದ ಮುಂಚೆ ಪಡೆದ ಅಡ್ವಾನ್ಸ್, ವಾರವಾರದ ಖರ್ಚಿ (ಕೈಖರ್ಚಿಗೆ ಕೊಡುವ ಹಣ), ಕೊನೆಗೆ ಮೇಸ್ತ್ರಿ ಮುರಿದುಕೊಳ್ಳುವ ಹಣ ಎಲ್ಲವನ್ನೂ ಬಾಯಿಲೆಕ್ಕದಲ್ಲೇ ಬಿಡಿಸಿದ. ಹಾಗಾದರೆ ಲೆಕ್ಕದ ಪುಸ್ತಕ ಯಾರ ಹತ್ತಿರ ಇರುತ್ತದೆ ಎಂದು ಇನ್ನೊಬ್ಬಳು ಕೇಳಿದಳು. "ಬುಕ್ಕು ಮೇಸ್ತ್ರಿ ಬಲ್ಲೇ ಇರ್ತದ, ನಮ್ಮಪ್ಪಗ ಓದ್ಲಾಕ ಬರಲ್ಲ" ಎಂದ. ಇಡೀ ತರಗತಿ ಆ ಪುಸ್ತಕದ ಮೇಲೆ ಬಿತ್ತು: ಅದನ್ನು ನೋಡಲು ಕೇಳಬಹುದೇ, ಕೇಳಿದರೆ ಏನಾಗುತ್ತದೆ, ತಪ್ಪು ಬರೆದಿದ್ದರೆ ತಿಳಿಯುವುದು ಹೇಗೆ.

ಫ್ರೇರೆ ಬಯಸಿದ್ದು ಇಂತಹ ಸಂವಾದವನ್ನೇ ಎಂದುಕೊಂಡಿದ್ದೇನೆ. ಆದರೆ ಮರುದಿನ ಬೆಳಿಗ್ಗೆ ಆ ಹುಡುಗನ ತಂದೆ ಶಾಲೆಯ ಗೇಟಿನ ಬಳಿ ನಿಂತಿದ್ದರು. ಈ ಮಾತು ಸೈಟಿನಲ್ಲಿ ಯಾರ ಕಿವಿಗಾದರೂ ಬಿದ್ದರೆ ತಮಗೆ ಕೆಲಸವೂ ಇಲ್ಲ, ಇರಲು ಶೆಡ್ಡೂ ಇಲ್ಲ ಎಂದು ಬಹಳ ವಿನಯದಿಂದ ಹೇಳಿದರು. ಪ್ರಜ್ಞೆ ಮೂಡಿಸುವುದರ ಬೆಲೆಯನ್ನು ತೆರಬೇಕಾದವರು ಶಿಕ್ಷಕರಲ್ಲ ಎಂಬುದನ್ನು ನಿಮ್ಮ ಪ್ರಬಂಧದಲ್ಲಿ ಎಲ್ಲಿಯಾದರೂ ಬರೆಯಿರಿ. ಆನಂತರ ನಾವು ಮೇಸ್ತ್ರಿಯ ಮಾತು ಬಿಟ್ಟು, ಮನೆಗೊಂದು ಹಾಜರಿ ಪುಸ್ತಕ ಬರೆಯುವುದನ್ನು ಕಲಿತೆವು: ತಾರೀಖು, ಯಾರು ಕೆಲಸಕ್ಕೆ ಹೋದರು, ಎಷ್ಟು ಖರ್ಚಿ ಬಂತು. ಶೇಕಡಾವಾರು ಲೆಕ್ಕವೂ ಅದರಲ್ಲೇ ಮುಗಿಯಿತು, ಪಾಠವೂ ಹಿಂದೆ ಬೀಳಲಿಲ್ಲ.

ಉತ್ತರ 3: ನಿವೃತ್ತ ಉಪನ್ಯಾಸಕ, ಬಸವನಗುಡಿ

ಮೇಲಿನ ಇಬ್ಬರ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕಬೇಕೆನಿಸುತ್ತದೆ. 1963ರಲ್ಲಿ ಬ್ರೆಜಿಲ್‌ನ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದುಬರಹ ಕಲಿಸಿದ ಪ್ರಯೋಗದಿಂದ ಫ್ರೇರೆ ಹೆಸರಾದರು; ಮರುವರ್ಷವೇ ಸೈನಿಕ ದಂಗೆಯಾಗಿ ಅವರು ಸೆರೆಮನೆ ಸೇರಿ, ಬಳಿಕ ದೇಶ ಬಿಡಬೇಕಾಯಿತು. ಆ ಕಲಿಕಾರ್ಥಿಗಳು ತಾವಾಗಿ ಬಂದ ವಯಸ್ಕರು. ನಮ್ಮಲ್ಲಿ 6ರಿಂದ 14 ವರ್ಷದ ಮಕ್ಕಳು ಕಾನೂನಿನ ಪ್ರಕಾರ ಶಾಲೆಯಲ್ಲಿರಬೇಕಾದವರು. ಅವರ ಒಪ್ಪಿಗೆಯೆಂದರೆ ಏನೆಂಬುದನ್ನೇ ಮೊದಲು ಯೋಚಿಸಬೇಕು. ಫ್ರೇರೆ ಮಕ್ಕಳ ಶಾಲೆಗಳ ಕಡೆ ನೋಡಲೇ ಇಲ್ಲವೆಂದು ನಾನು ಹೇಳುತ್ತಿಲ್ಲ, 1989ರಿಂದ 1991ರವರೆಗೆ ಅವರು ಸಾವೊ ಪೌಲೊ ನಗರದ ಶಿಕ್ಷಣದ ಹೊಣೆ ಹೊತ್ತಿದ್ದರು. ಆದರೆ ಎಂ.ಎಡ್. ಪ್ರಬಂಧಗಳಲ್ಲಿ ಕೂಲಿಕಾರರ ಕಥೆ ಬರುವಷ್ಟು ಈ ಆಡಳಿತದ ಕಥೆ ಬರುವುದಿಲ್ಲ.

ಎರಡನೆಯದಾಗಿ, ಅಮೆರಿಕದ ಶಿಕ್ಷಣತಜ್ಞೆ ಲಿಸಾ ಡೆಲ್ಪಿಟ್ 1988ರಲ್ಲಿ ಎತ್ತಿದ ಆಕ್ಷೇಪವನ್ನು ಬಿಡಬೇಡಿ. ಅಧಿಕಾರದಲ್ಲಿರುವವರ ಭಾಷೆ, ಬರವಣಿಗೆಯ ರೂಢಿಗಳು ಉಳ್ಳವರ ಮಕ್ಕಳಿಗೆ ಮನೆಯಲ್ಲೇ ಸಿಗುತ್ತವೆ. ಬಡ ಕಪ್ಪು ಮಕ್ಕಳಿಗೆ ಅವನ್ನು ಸ್ಪಷ್ಟವಾಗಿ ಕಲಿಸದೆ ಬರಿಯ ಅಭಿವ್ಯಕ್ತಿಗೆ ಪ್ರೋತ್ಸಾಹಿಸಿದರೆ ಅವರನ್ನು ಹೊರಗೇ ಉಳಿಸಿದಂತೆ ಎಂಬುದು ಅವರ ವಾದ. ಯಾದಗಿರಿಯ ಮಗುವಿನ ಮಾತನ್ನು ಗೌರವಿಸಿ. ಜೊತೆಗೆ ಅದಕ್ಕೆ ಅರ್ಜಿ ಬರೆಯಲು, ಪರೀಕ್ಷೆಯ ಕನ್ನಡ ಬರೆಯಲು, ಇಂಗ್ಲಿಷ್ ಓದಲು ಕಲಿಸಿ. ನಮ್ಮಲ್ಲೇ ನೋಡಿ: 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿರಾವ್ ಫುಲೆ, 1882ರಲ್ಲಿ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗದ ಮುಂದೆ ರೈತರ ತೆರಿಗೆಯ ಹಣ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆಯೆಂದು ವಾದಿಸಿದರು. ಅವರಿಗೆ ಪ್ರಶ್ನಿಸುವುದೂ ಅಕ್ಷರ ಕಲಿಸುವುದೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಗಣಿತ ಶಿಕ್ಷಕಿಯವರ ಹಾಜರಿ ಪುಸ್ತಕ ನನಗೆ ಇಷ್ಟವಾದದ್ದೂ ಇದೇ ಕಾರಣಕ್ಕೆ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಪ್ರಶ್ನಾವಳಿಯ ಬದಲು ಒಂದು ತರಗತಿಯ ಗಣಿತ ಮತ್ತು ಕನ್ನಡ ಪಾಠಗಳನ್ನು ವೀಕ್ಷಿಸುವ ಯೋಜನೆಯನ್ನು ಮಾರ್ಗದರ್ಶಕರ ಮುಂದಿಡುತ್ತೇನೆ. ಮಕ್ಕಳು ಮೇಸ್ತ್ರಿಗಳ ಬಗ್ಗೆ ಮಾತನಾಡಿದರೆ ಅದನ್ನು ಬರೆಯುವುದು ಹೇಗೆ?

ಉತ್ತರ 4: ಶಿಕ್ಷಣ ಸಂಶೋಧಕ, ಸರ್ಜಾಪುರ ರಸ್ತೆ

ಮಗುವಿನ ಹೆಸರು ಬದಲಿಸಿದರೆ ಸಾಲದು. ಬಡಾವಣೆ, ಕೆಲಸದ ಸೈಟು, ಕುಟುಂಬದ ಊರು, ಇವು ಮೂರೂ ಒಂದೇ ಪುಟದಲ್ಲಿದ್ದರೆ ಗುರುತು ಹಿಡಿಯುವುದು ಸುಲಭ. ಇಲ್ಲಿ ಬರೆದಿರುವ ವೈಟ್‌ಫೀಲ್ಡ್ ಎಂಬುದನ್ನೂ ಪ್ರಬಂಧದಲ್ಲಿ ಬಿಡಿ. ಮಕ್ಕಳ ಮಾತನ್ನು ಮಾತ್ರ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದದೆ ಹೇಳಿದಂತೆಯೇ ಬರೆದುಕೊಳ್ಳಿ. ತಂದೆತಾಯಿಯರ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯುವುದಕ್ಕೆ ಮುಂಚೆ ಬಾಯಲ್ಲಿ ವಿವರಿಸಿ, ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ ಅದು ಒಪ್ಪಿಗೆಯಾಗದು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿಗೆ ಈಗಲೇ ಅರ್ಜಿ ಹಾಕಿ ಜೂನ್‌ನಲ್ಲೇ ವೀಕ್ಷಣೆ ಆರಂಭಿಸಿ, ಏಕೆಂದರೆ ದಸರೆಗೆ ಊರಿಗೆ ಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿ ಅದೇ ಸೈಟಿಗೆ ಮರಳುವುದಿಲ್ಲ, ಅವರ ಮಕ್ಕಳು ಹಾಜರಿಯಲ್ಲಿ ಉಳಿದರೂ ತರಗತಿಯಲ್ಲಿ ಇರುವುದಿಲ್ಲ.