ಅಪ್‌ಗ್ರೇಡ್ ಆದಮೇಲೆ ಎಸ್‌ಡಿಎ, ಎಸ್‌ಡಿಬಿ ಅದಲುಬದಲು: ಟಿಪ್ಪಣಿಯಲ್ಲಿ ಏನಂತ ಬರೆದಿಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡೆಬಿಯನ್ (ಲಿನಕ್ಸ್) ಸರ್ವರ್, 4 ಸಾಟಾ ಡಿಸ್ಕ್; ಲಿನಕ್ಸ್ ಇವನ್ನು ಎಸ್‌ಡಿಎ, ಎಸ್‌ಡಿಬಿ ಹೀಗೆ ಕರೆಯುತ್ತದೆ. ಅಪ್‌ಗ್ರೇಡ್ ಮುಗಿಸಿ ರೀಬೂಟ್ ಕೊಟ್ಟರೆ ಎಸ್‌ಡಿಬಿ1ಕ್ಕಾಗಿ (ಎಸ್‌ಡಿಬಿಯ ಮೊದಲ ಪಾರ್ಟಿಷನ್) ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಯಿತು. ಇನ್ನೊಮ್ಮೆ ರೀಬೂಟ್ ಮಾಡಿದಾಗ ಸರಿಯಾಯಿತು, ಮೂರನೇ ಸಲ ಮತ್ತೆ ಅದೇ ಕತೆ. ಕೇಬಲ್ ಬದಲಿಸಿ ನೋಡಿದ್ದಾಯಿತು. ಮುಂದಿನ ಸಲ ನನ್ನ ಟಿಪ್ಪಣಿ ನೋಡಿಕೊಂಡು ಬೇರೆಯವರು ಅಪ್‌ಗ್ರೇಡ್ ಮಾಡಬೇಕು. ಅದರಲ್ಲಿ "ಬ್ಯಾಕಪ್ ಡಿಸ್ಕ್ = ಎಸ್‌ಡಿಬಿ" ಅಂತಲೇ ಇದೆ. ಏನು ಮಾಡಲಿ?

ಉತ್ತರ 1:
ಕೇಬಲ್ ತಪ್ಪಲ್ಲ ಸರ್. ಎಸ್‌ಡಿಎ, ಎಸ್‌ಡಿಬಿ ಅನ್ನುವುದು ಡಿಸ್ಕಿನ ಹೆಸರೇ ಅಲ್ಲ, ಕರ್ನಲ್ (ಲಿನಕ್ಸ್‌ನ ತಿರುಳು) ಕಣ್ಣಿಗೆ ಬಿದ್ದ ಸರದಿ. ಹೊಸ ಕರ್ನಲ್‌ಗಳು ಡಿಸ್ಕ್‌ಗಳನ್ನು ಏಕಕಾಲಕ್ಕೆ ಹುಡುಕುತ್ತವೆ, ಮೊದಲು ಉತ್ತರಿಸಿದ್ದಕ್ಕೆ ಎಸ್‌ಡಿಎ ಸಿಗುತ್ತದೆ. ನಿಮ್ಮಲ್ಲಿ ಪಾರ್ಟಿಷನ್ ಇಲ್ಲದ ಡಿಸ್ಕ್ ಯಾವುದೋ ಎಸ್‌ಡಿಬಿ ಆಗಿರಬೇಕು, ಅದಕ್ಕೇ ಎಸ್‌ಡಿಬಿ1 ಹುಟ್ಟಲೇ ಇಲ್ಲ. 2011ರಲ್ಲಿ ಡೆಬಿಯನ್ 6ಕ್ಕೆ ಏರಿದವರಲ್ಲಿ ಎಷ್ಟೋ ಜನರ ಡಿಸ್ಕಿಗೆ ಎಚ್‌ಡಿಎ ಅನ್ನುವ ಹಳೇ ಹೆಸರು ಹೋಗಿ ಎಸ್‌ಡಿಎ ಆಗಿತ್ತು. ಆಗಲೂ ಪರಿಹಾರ ಇದೇ: ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕು ಅನ್ನುವ ಪಟ್ಟಿ) ಎಸ್‌ಡಿ ಹೆಸರಿನ ಬದಲು ಯುಯುಐಡಿ (ಫೈಲ್‌ಸಿಸ್ಟಮ್‌ನ ಸ್ವಂತ ಗುರುತು ಸಂಖ್ಯೆ) ಹಾಕಿ. ಬ್ಯಾಕಪ್ ಡಿಸ್ಕ್ ಸಾಲಿಗೆ ನೋಫೇಲ್ ಸೇರಿಸಿ, ಅದು ಸಿಗದಿದ್ದರೂ ಯಂತ್ರ ಬೂಟ್ ಆಗಲಿ.

ಉತ್ತರ 2:
ಎಫ್‌ಸ್ಟ್ಯಾಬ್ ಸುಲಭದ ಭಾಗ. ನನಗೆ ಭಯ ಇರುವುದು ಟಿಪ್ಪಣಿಯ ಬಗ್ಗೆ. "ಗ್ರಬ್ ಅನ್ನು ಎಸ್‌ಡಿಎಗೆ ಇನ್‌ಸ್ಟಾಲ್ ಮಾಡಿ" ಅಂತ ಬರೆದಿದ್ದೀರಾ? ಹಳೇ ಬಗೆಯ ಬಯಾಸ್ ಬೂಟ್ ಇರುವ ಯಂತ್ರದಲ್ಲಿ ಹೆಸರು ಅದಲುಬದಲಾದರೆ ಗ್ರಬ್ (ಲಿನಕ್ಸನ್ನು ಶುರು ಮಾಡುವ ಬೂಟ್‌ಲೋಡರ್) ಬೇರೆ ಡಿಸ್ಕಿಗೆ ಹೋಗಿ ಕೂರುತ್ತದೆ. ಬಯಾಸ್ ಮಾತ್ರ ಹಳೇ ಡಿಸ್ಕಿನಿಂದಲೇ ಬೂಟ್ ಮಾಡುತ್ತದೆ. ಅಲ್ಲಿನ ಹಳೇ ಗ್ರಬ್‌ಗೂ ಹೊಸ ಮಾಡ್ಯೂಲ್‌ಗಳಿಗೂ ಹೊಂದದೆ ರೆಸ್ಕ್ಯೂ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತೀರಿ. ಎಂಕೆಎಫ್‌ಎಸ್ (ಫಾರ್ಮ್ಯಾಟ್ ಮಾಡುವ ಕಮಾಂಡ್), ಡಿಡಿ (ಡಿಸ್ಕ್ ನಕಲಿಸುವ ಕಮಾಂಡ್) ಇರುವ ಸಾಲಾದರೆ ಡೇಟಾನೇ ಹೋಯಿತು. ಅಂಥ ಕಡೆಯೆಲ್ಲ ಡಿಸ್ಕ್ ಡೈರೆಕ್ಟರಿಯ ಬೈ-ಐಡಿ ಕೆಳಗಿರುವ ಪೂರ್ತಿ ಹೆಸರನ್ನೇ ಬರೆಯಿರಿ, ಅದರಲ್ಲಿ ಮಾಡೆಲ್, ಸೀರಿಯಲ್ ಎರಡೂ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಯುಯುಐಡಿ ಬದಲಾಗುತ್ತದೆ, ಸೀರಿಯಲ್ ಬದಲಾಗದು. ಅಪ್‌ಗ್ರೇಡ್‌ಗೆ ಮೊದಲೇ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ನಿಂದ ಗಾತ್ರ, ಮಾಡೆಲ್, ಸೀರಿಯಲ್, ಯುಯುಐಡಿ ತೆಗೆದು, ಯಾವ ಡಿಸ್ಕ್ ಯಾವ ಸ್ಲಾಟ್‌ನಲ್ಲಿದೆ, ಯಾವ ಕೆಲಸಕ್ಕಿದೆ ಅಂತ ಪಕ್ಕದಲ್ಲಿ ಬರೆದು, ಆ ಯಂತ್ರದ ಹೊರಗೂ ಒಂದು ಪ್ರತಿ ಇಡಿ. ಬೂಟ್ ಆಗದಿದ್ದಾಗ ಅದರೊಳಗಿನ ಟಿಪ್ಪಣಿಯನ್ನು ಯಾರು ಓದುತ್ತಾರೆ?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಗ್ರಬ್ ಸಾಲು ಇತ್ತು ಸರ್, ನೀವು ಹೇಳಿದ ಹಾಗೇ! ಇಟಿಸಿ (ಕಾನ್ಫಿಗ್ ಫೈಲ್‌ಗಳ ಡೈರೆಕ್ಟರಿ) ಪೂರ್ತಿ ಗ್ರೆಪ್ ಮಾಡಿ ಹುಡುಕಿದಾಗ ಕ್ರಿಪ್ಟ್‌ಟ್ಯಾಬ್ (ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಪಟ್ಟಿ), ಸ್ಮಾರ್ಟ್‌ಡಿ (ಡಿಸ್ಕ್ ಆರೋಗ್ಯ ನೋಡುವ ಸೇವೆ) ಕಾನ್ಫಿಗ್ ಎರಡರಲ್ಲೂ ಎಸ್‌ಡಿ ಹೆಸರು ಸಿಕ್ಕಿತು. ಇನ್ನೊಂದು ವಿಚಿತ್ರ: ಎರಡು ಡಿಸ್ಕಿಗೆ ಒಂದೇ ಯುಯುಐಡಿ.

ಉತ್ತರ 2:
ಯಾವಾಗಲೋ ಒಂದರಿಂದ ಇನ್ನೊಂದಕ್ಕೆ ಡಿಡಿಯಲ್ಲಿ ಕ್ಲೋನ್ ಮಾಡಿರುತ್ತೀರಿ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಆದರೆ ಪ್ರತಿಯನ್ನು ಅನ್‌ಮೌಂಟ್ ಮಾಡಿ ಟ್ಯೂನ್2ಎಫ್‌ಎಸ್ ಕಮಾಂಡ್‌ನಿಂದ ಹೊಸ ಯುಯುಐಡಿ ಕೊಡಿ. ಯಾವುದು ಪ್ರತಿ ಅನ್ನುವುದನ್ನು ಸೀರಿಯಲ್ ನೋಡಿಯೇ ತೀರ್ಮಾನಿಸಿ. ಆಮೇಲೆ ಫೈಂಡ್‌ಎಂಎನ್‌ಟಿ ಕಮಾಂಡ್‌ನ ವೆರಿಫೈ ಓಡಿಸಿದರೆ ಎಫ್‌ಸ್ಟ್ಯಾಬ್ ತಪ್ಪುಗಳನ್ನು ರೀಬೂಟ್‌ಗೆ ಮೊದಲೇ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಮಾಡಿದೆ. 6 ಸಲ ರೀಬೂಟ್ ಮಾಡಿ ನೋಡಿದೆ. ಎರಡು ಸಲ ಎಸ್‌ಡಿ ಅಕ್ಷರಗಳು ಅದಲುಬದಲಾದವು, ಮೌಂಟ್‌ಗಳು ಮಾತ್ರ ಆರೂ ಸಲ ಸರಿಯಾಗಿ ಬಂದವು.