ಹಣ ಕಟ್ಟಿ ಪೇಪರ್ ಹಾಕಿಸಬೇಕಾ? ಅನುಭವ ಇದ್ದವರು ಹೇಳಿ

ಪಿಎಚ್‌ಡಿ ವಿದ್ಯಾರ್ಥಿನಿ:
ಸರ್ಕಾರಿ ವಿವಿಯಲ್ಲಿ ಸಸ್ಯಶಾಸ್ತ್ರ ನನ್ನ ವಿಷಯ, ಮಲೆನಾಡಿನ ಔಷಧಿ ಗಿಡಗಳ ಮೇಲೆ ಕೆಲಸ. ಥೀಸಿಸ್ ಕೊಡುವ ಮುಂಚೆ ಎರಡು ಪೇಪರ್ (ಸಂಶೋಧನಾ ಲೇಖನ) ಜರ್ನಲ್‌ನಲ್ಲಿ ಬಂದಿರಬೇಕು ಅಂತ ನಮ್ಮಲ್ಲಿ ಈಗಲೂ ಕೇಳುತ್ತಾರೆ. ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಐದೇ ದಿನದಲ್ಲಿ ರಿವ್ಯೂ (ಅದೇ ವಿಷಯದ ತಜ್ಞರು ಓದಿ ಪರೀಕ್ಷಿಸುವುದು), ಮೂರೂವರೆ ಸಾವಿರ ಕಟ್ಟಿದರೆ ಮುಂದಿನ ಸಂಚಿಕೆಯಲ್ಲೇ ಬರುತ್ತದಂತೆ. ವಿದೇಶಿ ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ಜರ್ನಲ್‌ಗಳ ಕಡೆ ನೋಡಿದರೆ ಲಕ್ಷದ ಮೇಲೆ ಕೇಳುತ್ತಾರೆ, ಇಲ್ಲಿ ಫೆಲೋಶಿಪ್ಪೇ ಸರಿಯಾಗಿ ಬರುತ್ತಿಲ್ಲ. ಕಟ್ಟಲಾ, ಬೇಡವಾ?

ಪದವಿ ಕಾಲೇಜಿನ ಅಧ್ಯಾಪಕಿ:
ಕಟ್ಟಬೇಡಿ. ದುಡ್ಡು ಹೋದರೆ ಹೋಗಲಿ, ವರ್ಷಗಟ್ಟಲೆ ಕಾಡು ಸುತ್ತಿ ತಂದ ಡೇಟಾ ಹೋಗುತ್ತದಲ್ಲ. ಅಲ್ಲಿ ಒಮ್ಮೆ ಬಂದುಬಿಟ್ಟರೆ ಅದೇ ಕೆಲಸವನ್ನು ಒಳ್ಳೆಯ ಜರ್ನಲ್‌ಗೆ ಕಳಿಸುವ ಹಾಗಿಲ್ಲ. ವಾಪಸ್ ತಗೊಳ್ಳುತ್ತೇನೆ ಅಂದರೆ ಅದಕ್ಕೂ ಫೀಸು ಕೇಳುವವರಿದ್ದಾರೆ.

ಕೆಲಸಕ್ಕೆ ಅರ್ಜಿ ಹಾಕಿದ್ದವರೊಬ್ಬರ ಫೈಲಿನಲ್ಲಿ ಇಂಥ ಒಂದು ಸಂಚಿಕೆ ನೋಡಿದ್ದೆ. ವಚನಗಳ ಮೇಲೆ ಒಂದು ಲೇಖನ, ಅದರ ಬೆನ್ನಿಗೇ ಹಾರುಬೂದಿ ಬೆರೆಸಿದ ಕಾಂಕ್ರೀಟು, ಆಮೇಲೆ ಜಿಎಸ್‌ಟಿ. ಮೂರನ್ನೂ ಐದು ದಿನದಲ್ಲಿ ಓದಿ ಮುಗಿಸಿದ ಮಹಾನುಭಾವರಿಗೆ ಕೈ ಮುಗಿಯಬೇಕು! ಜೊತೆಗೆ ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟು, ಅದರಲ್ಲಿ ದಪ್ಪ ಅಕ್ಷರದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಜರ್ನಲ್‌ನ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಅಂಕಿ. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕಿ ಕೊಡುವುದು ಕ್ಲಾರಿವೇಟ್ ಕಂಪನಿ ಮಾತ್ರ, ಬೇರೆ ಯಾರು ಬರೆದರೂ ಸುಮ್ನೆ ಬರೆದದ್ದು. ಐಎಸ್‌ಎಸ್‌ಎನ್ ಇದೆ ಅಂತಲೂ ನಂಬಬೇಡಿ, ಅದು ಬರೀ ಗುರುತಿನ ಸಂಖ್ಯೆ.

ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾಡಿದ್ದ ಒಳ್ಳೆಯ ಜರ್ನಲ್‌ಗಳ ಪಟ್ಟಿ, ಕೇರ್ ಲಿಸ್ಟ್, ನೋಡಿ ಅನ್ನೋಣ ಅಂದರೆ ಅದನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿಬಿಟ್ಟರು. ಯಾವುದು ಒಳ್ಳೆಯದು ಅಂತ ಈಗ ವಿವಿಗಳೇ ನೋಡಿಕೊಳ್ಳಬೇಕು. ಇನ್ನೊಂದು ಮಾತು. 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಪೇಪರ್ ಕಡ್ಡಾಯ ಅನ್ನುವುದನ್ನೇ ಕೈಬಿಟ್ಟಿದ್ದಾರೆ. ನಿಮ್ಮ ವಿವಿ ತನ್ನದೇ ನಿಯಮ ಮಾಡಿಕೊಂಡಿದೆಯಾ, ಇಲ್ಲ ಹಳೇ ರೂಢಿಯನ್ನೇ ಎಳೆದುಕೊಂಡು ಹೋಗುತ್ತಿದೆಯಾ ಅಂತ ಅರ್ಜಿ ಕೊಟ್ಟು ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ.

ಬೆಂಗಳೂರಿನ ಸಂಶೋಧಕ:
ದುಡ್ಡಿಲ್ಲದ ದಾರಿ ಇದೆ. ದೊಡ್ಡ ಪ್ರಕಾಶಕರ ಎಷ್ಟೋ ಜರ್ನಲ್‌ಗಳು ಎರಡೂ ಬಗೆಯವು, ಓಪನ್ ಆಕ್ಸೆಸ್ ಆಗಿಯೂ ಹಾಕಿಸಬಹುದು, ಚಂದಾದಾರರಿಗೆ ಮಾತ್ರ ಓದಲು ಸಿಗುವ ಹಾಗೂ (ಸಬ್‌ಸ್ಕ್ರಿಪ್ಷನ್) ಹಾಕಿಸಬಹುದು. ಪೇಪರ್ ಒಪ್ಪಿದ ಮೇಲೆ ಒಂದು ಫಾರ್ಮ್ ಬರುತ್ತದೆ, ಓಪನ್ ಆಕ್ಸೆಸ್ ಒತ್ತಿದರೆ ಬಿಲ್ಲು, ಸಬ್‌ಸ್ಕ್ರಿಪ್ಷನ್ ಒತ್ತಿದರೆ ಸಾಮಾನ್ಯವಾಗಿ ಸೊನ್ನೆ. ಅವಸರ ಮಾಡದೆ ಓದಿ ಒತ್ತಿ. ಒಪ್ಪಿಗೆಯಾದ ನಿಮ್ಮ ವರ್ಡ್ ಪ್ರತಿಯನ್ನು ಹಲವು ಕಡೆ 12 ತಿಂಗಳಾದ ಮೇಲೆ ವಿವಿ ರೆಪಾಸಿಟರಿಗೆ (ಲೇಖನಗಳ ಆನ್‌ಲೈನ್ ಸಂಗ್ರಹ) ಹಾಕಬಹುದು, ಯಾರ ನಿಯಮ ಏನು ಅಂತ ಓಪನ್ ಪಾಲಿಸಿ ಫೈಂಡರ್ (ಮೊದಲು ಶೆರ್ಪಾ ರೋಮಿಯೋ ಅನ್ನುತ್ತಿದ್ದರು) ತಾಣದಲ್ಲಿ ಸಿಗುತ್ತದೆ.

ಜರ್ನಲ್‌ನವರ ತಕರಾರು ಇಲ್ಲದಿದ್ದರೆ ಮೊದಲೇ ಬಯೋಆರ್ಕೈವ್ (bioRxiv) ಅನ್ನುವ ಜೀವಶಾಸ್ತ್ರದ ತಾಣದಲ್ಲಿ ಪ್ರಿಪ್ರಿಂಟ್, ಅಂದರೆ ರಿವ್ಯೂ ಆಗುವ ಮುಂಚಿನ ಪ್ರತಿ, ಹಾಕಿಬಿಡಿ. ಪುಕ್ಕಟೆ, ತಾರೀಖು ಸಮೇತ ನಿಮ್ಮ ಹೆಸರಲ್ಲಿ ದಾಖಲಾಗುತ್ತದೆ. ಭೌತಶಾಸ್ತ್ರದವರು 1991ರಿಂದ ಆರ್ಕೈವ್ (arXiv) ತಾಣದಲ್ಲಿ ಇದನ್ನೇ ಮಾಡುತ್ತಿದ್ದಾರೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ವಿಜ್ಞಾನ ಅಕಾಡೆಮಿ ಇಲ್ಲೇ ಬೆಂಗಳೂರಲ್ಲಿದೆ, ಅವರ ಜರ್ನಲ್ ಆಫ್ ಬಯೋಸೈನ್ಸಸ್ ಕೂಡ ನೋಡಿ. ಅಕಾಡೆಮಿಯ ತಾಣದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು. ಐದು ದಿನದ ರಿವ್ಯೂ ಮಾತ್ರ ಅಲ್ಲಿ ಸಿಗಲ್ಲ.

ಲೈಬ್ರರಿಯವರು:
ಓದುವ ಖರ್ಚಿನ ಬಗ್ಗೆ ಯಾರೂ ಹೇಳಲಿಲ್ಲ. ಸರ್ಕಾರವೇ ಜರ್ನಲ್‌ಗಳ ಚಂದಾ ಕಟ್ಟುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಸರ್ಕಾರಿ ವಿವಿ ಅಂದಿರಿ, ಹಾಗಾಗಿ ನಿಮಗೆ ಸಿಗಬೇಕು. ಲಾಗಿನ್ ಕೇಳಿಕೊಂಡು ಲೈಬ್ರರಿಗೆ ಬರುವವರೇ ಕಡಿಮೆ ಮೇಡಂ. ಖಾಸಗಿ ಕಾಲೇಜಿನವರನ್ನು ಹೊರಗಿಟ್ಟದ್ದು ಮಾತ್ರ ನನಗೆ ಸರಿ ಕಾಣಲಿಲ್ಲ.

ಪಿಎಚ್‌ಡಿ ವಿದ್ಯಾರ್ಥಿನಿ:
ಥ್ಯಾಂಕ್ಸ್ ಎಲ್ಲರಿಗೂ. ಆ ಮೇಲ್ ಅಳಿಸಿದೆ. ಆದರೂ ಒಂದು ಅರ್ಥವಾಗಲಿಲ್ಲ. ಬರೆಯುವವರು ನಾವು, ರಿವ್ಯೂ ಮಾಡುವವರೂ ನಮ್ಮವರೇ, ಅದೂ ಪುಕ್ಕಟೆ. ಮತ್ತೆ ದುಡ್ಡು ಯಾಕೆ ಅಲ್ವಾ? ಇದು ಸರಿ ಹೋಗುವುದೇ ಇಲ್ವಾ?

ನಿವೃತ್ತ ಪ್ರಾಧ್ಯಾಪಕ:
ನೋಡಮ್ಮಾ, ಹೆಸರಿಗೆ ಅಷ್ಟು ಬೆಲೆ ಇದೆ. 2021ರಲ್ಲಿ ನೇಚರ್ ಪತ್ರಿಕೆ ಒಂದು ಓಪನ್ ಆಕ್ಸೆಸ್ ಲೇಖನಕ್ಕೆ 9,500 ಯೂರೋ ಇಟ್ಟಿತು, ಆಗಲೇ ಎಂಟು ಲಕ್ಷ ರೂಪಾಯಿಗೂ ಜಾಸ್ತಿ. ತಿರುಗಿ ಬಿದ್ದವರೂ ಇದ್ದಾರೆ. ಎಲ್ಸೆವಿಯರ್ ಅನ್ನುವ ದೊಡ್ಡ ಪ್ರಕಾಶಕರ ನ್ಯೂರೋಇಮೇಜ್ ಜರ್ನಲ್‌ನ ಸಂಪಾದಕರು ಶುಲ್ಕ ಇಳಿಸಿ ಅಂತ ಕೇಳಿದರು, ಎಲ್ಸೆವಿಯರ್ ಒಪ್ಪಲಿಲ್ಲ, 2023ರಲ್ಲಿ ಮಂಡಳಿಗೆ ಮಂಡಳಿಯೇ ರಾಜೀನಾಮೆ ಕೊಟ್ಟು ಎಂಐಟಿ ಪ್ರೆಸ್ ಜೊತೆ ಇಮೇಜಿಂಗ್ ನ್ಯೂರೋಸೈನ್ಸ್ ಅಂತ ಹೊಸದನ್ನು ಶುರು ಮಾಡಿದರು.

ಆದರೆ ನಮ್ಮಲ್ಲಿ ಕಾಯಿಲೆ ಇರುವುದು ಎಣಿಕೆಯಲ್ಲಿ. ಪ್ರಮೋಷನ್ ಕಮಿಟಿಗಳಲ್ಲಿ ಕೂತು ಕಂಡಿದ್ದೇನೆ, ಪೇಪರ್ ತೆರೆದು ನೋಡುವವರೇ ಇಲ್ಲ, ಪಾಯಿಂಟ್ ಕೂಡಿಸಿ ಸಹಿ ಹಾಕುವುದು ಅಷ್ಟೇ. ನಿಮ್ಮ ಅತ್ಯುತ್ತಮ ಮೂರು ಪೇಪರ್ ತನ್ನಿ, ಅದರ ಬಗ್ಗೆಯೇ ಮಾತಾಡೋಣ ಅಂತ ಒಂದು ಸಲ ಪಟ್ಟು ಹಿಡಿದೆವು. ಉದ್ದನೆಯ ಪಟ್ಟಿ ತಂದಿದ್ದವರೊಬ್ಬರಿಗೆ ತಮ್ಮದೇ ಪೇಪರಿನ ಗ್ರಾಫ್ ವಿವರಿಸಲು ಬರಲಿಲ್ಲ. ಜರ್ನಲ್ ಹೆಸರು ಬಿಡಿ, ಕೆಲಸ ನೋಡಿ ಅಂತ ಸಂಶೋಧನೆಯನ್ನು ಅಳೆಯುವ ರೀತಿಯ ಬಗ್ಗೆ 2012ರ ಡೋರಾ (DORA) ಘೋಷಣೆ ಹೇಳಿದ್ದೂ ಇದನ್ನೇ. ಕಮಿಟಿ ಹೀಗೆ ಕೇಳತೊಡಗಿದರೆ ಮೂರೂವರೆ ಸಾವಿರದ ಅಂಗಡಿಗಳಿಗೆ ಗಿರಾಕಿ ಎಲ್ಲಿ? ಯುಜಿಸಿ ಹೇಳುವವರೆಗೆ ಕಾಯಬೇಕಿಲ್ಲ, ವಿಭಾಗದ ಸಭೆಯಲ್ಲೇ ಮಾಡಬಹುದು.

ಈಗ ನಿಮ್ಮ ಗೈಡ್‌ಗೆ ಒಂದು ಮಾತು ಹೇಳಿ, ಗಿಡದ ಹೆಸರು ಮುಚ್ಚಿಟ್ಟೇ ವಿಷಯ ಏನು ಅಂತ ಎರಡು ಸಾಲು ಇಲ್ಲಿ ಬರೆಯಿರಿ. ಎಲ್ಲಿಗೆ ಹೊಂದುತ್ತದೆ ಅಂತ ನಾವೂ ನೋಡುತ್ತೇವೆ.