ಘಾಟಿ ಬಂದ್, ಬಾಯಿ ಚಾಲೂ

ಶಿರಾಡಿಯಲ್ಲಿ ಮತ್ತೆ ಮಣ್ಣು ಜರಿದಿದೆ. ಮಂಗಳೂರಿಗೆ ಹೊರಟವರೆಲ್ಲ ಸಕಲೇಶಪುರದ ಹೋಟೆಲಿನಲ್ಲಿ ಎರಡನೇ ಕಾಫಿಗೆ ಬಂದಿದ್ದೆವು.

"ಏನ್ ಓವರ್ಸೀಯರೇ, ನಿಮ್ಮ ರಸ್ತೆಗೆ ಮಳೆಗಾಲದ ರಜೆನಾ?" ಅಂದ ಲಾರಿ ಮಂಜ.

ರಿಟೈರಾದರೂ ಓವರ್ಸೀಯರಿಗೆ ರಸ್ತೆ ಬೈದರೆ ಆಗಲ್ಲ. "ರಸ್ತೆದೇನಯ್ಯ ತಪ್ಪು? ಮೋರಿ, ಸೇತುವೆಗೆ 50 ವರ್ಷಕ್ಕೊಮ್ಮೆ ಬರೋ ನೆರೆ, 100 ವರ್ಷಕ್ಕೊಮ್ಮೆ ಬರೋ ನೆರೆ ಅಂತ ಲೆಕ್ಕ ಹಿಡೀತೀವಿ."

"ಹಂಗಾದ್ರೆ ನನಗೀಗ ಮುನ್ನೂರು ವರ್ಷ! 2018ರಲ್ಲಿ ಮಡಿಕೇರಿ-ಸಂಪಾಜೆ ರಸ್ತೆ, 2019ರಲ್ಲಿ ಚಾರ್ಮಾಡಿ, 2024ರಲ್ಲಿ ಅಂಕೋಲದ ಶಿರೂರು..."

ಶಿರೂರು ಅಂದಾಗ ಯಾರೂ ನಗಲಿಲ್ಲ. ಅಲ್ಲಿ ಗುಡ್ಡ ಹೆದ್ದಾರಿ ಪಕ್ಕದ ಚಹಾದಂಗಡಿ ಸಮೇತ ಗಂಗಾವಳಿಗೆ ಇಳಿದಿತ್ತು.

"100 ವರ್ಷ ಅಂದ್ರೆ ಅಷ್ಟು ದಿನ ಕಾಯುತ್ತೆ ಅಂತಲ್ಲ ಕಣೋ," ಓವರ್ಸೀಯರ್ ದನಿ ತಗ್ಗಿಸಿದರು. "ಪ್ರತಿ ವರ್ಷವೂ ನೂರಕ್ಕೊಂದು ಪಾಲು ಸಂಭವ ಅಂತ. ಆ ಲೆಕ್ಕವೂ ಹಳೇ ಮಳೆ ದಾಖಲೆ ನೋಡಿ ಹಾಕಿದ್ದು."

ಗೌಡ್ರು ಎಲೆಗೆ ಸುಣ್ಣ ಸವರುತ್ತಾ, "ಪುಷ್ಯ, ಆಶ್ಲೇಷ ಅಂತ ಕಂತಲ್ಲಿ ಬರ್ತಿದ್ದ ಮಳೆ ಈಗ ಅಸಲು, ಬಡ್ಡಿ ಎಲ್ಲಾ ಒಂದೇ ರಾತ್ರಿ ತೀರಿಸ್ತದೆ," ಅಂದರು.

"ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿಯುತ್ತೆ," ಅಂತ ನಾನು ಬಾಯಿ ಹಾಕಿದೆ.

"ಮೇಷ್ಟ್ರು ಕ್ಲಾಸ್ ಶುರು ಮಾಡಿದ್ರು, ಹಾಜರಿ ಹೇಳ್ರಪ್ಪಾ!"

"ಮಳೆ ಒಂದೇ ಅಲ್ಲ," ಓವರ್ಸೀಯರ್ ಬಿಡಲಿಲ್ಲ. "ಅಗಲ ಮಾಡೋಕೆ ಅಂತ ಗುಡ್ಡನ ನೆಟ್ಟಗೆ ಕಡೀತಾರೆ. ಇಳಿಜಾರು ಕೊಟ್ಟು ಮೆಟ್ಟಿಲು ಮೆಟ್ಟಿಲಾಗಿ ಕಡಿದ್ರೆ ಜಾಗ ಜಾಸ್ತಿ ಬೇಕು, ದುಡ್ಡು ಜಾಸ್ತಿ ಬೇಕು. ಕಡಿದ ಅಂಚಿನ ಮೇಲ್ಗಡೆ ಒಂದು ಚರಂಡಿ ತೆಗೆದು, ಮಣ್ಣು ಹಿಡಿಯೋಕೆ ಲಾವಂಚ ನೆಟ್ರೆ ಅರ್ಧ ಗಂಡಾಂತರ ಕಳೀತು."

"ಹೊಲದ ಬದುವಿಗೆ ನಮ್ಮಪ್ಪ ಮಾಡಿದ್ದೂ ಅದೇ. ಅದಕ್ಕೆ ಕನ್ಸಲ್ಟೆಂಟ್ ಬೇಕಾ?" ಅಂದರು ಗೌಡ್ರು.

"ಘಟ್ಟ ಬಿಡಿ, ಬಯಲಲ್ಲೇನು ಕಮ್ಮಿ?" ಅಂದ ಮಂಜ. "2022ರ ಆಗಸ್ಟಲ್ಲಿ ರಾಮನಗರದ ಹತ್ರ ಹೊಸ ಹೆದ್ದಾರಿ ಮೇಲೆ ಕಾರು ತೇಲಾಡಿದ್ವು. ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದು 2023ರ ಮಾರ್ಚಲ್ಲಿ. ಅಷ್ಟರಲ್ಲಿ ನೀರೇ ಉದ್ಘಾಟನೆ ಮುಗಿಸಿತ್ತು!"

"ಮಣ್ಣು ಏರಿಸಿ ರಸ್ತೆ ಮಾಡಿದ್ರೆ ಅದು ನೀರಿಗೆ ಕಟ್ಟೆನೇ. ಕೆರೆ ಕೋಡಿ ಎತ್ತ ಹರೀತದೆ ಅಂತ ಊರಿನ ದನ ಕಾಯೋನನ್ನ ಕೇಳಿ ಮೋರಿ ಇಡಬೇಕು."

ರಾಯಚೂರಿನ ಬಿಸಿಲಿಗೂ ಒಂದು ಸುತ್ತು ಮಾತಾಯ್ತು. ಅಲ್ಲಿ ಡಾಂಬರಿನ ಮೈ 60 ಡಿಗ್ರಿ ದಾಟುತ್ತೆ, ಮಾಮೂಲಿ ಡಾಂಬರು ಹಾಕಿದ್ರೆ ಲಾರಿ ಚಕ್ರಕ್ಕೆ ಕಾಲುವೆ ಬೀಳುತ್ತೆ, ವಿಜಿ-40 ಅನ್ನೋ ಗಟ್ಟಿ ಡಾಂಬರು ಬೇಕು ಅಂದರು ಓವರ್ಸೀಯರ್.

"ಇಷ್ಟೆಲ್ಲ ಗೊತ್ತಿದ್ದೂ ಯಾಕ್ ಮಾಡಲ್ಲ?"

"ಮೋರಿಗೆ ಯಾವ ಮಂತ್ರಿ ಬಂದು ಟೇಪ್ ಕತ್ತರಿಸ್ತಾನಯ್ಯ? ಅಗೋ ನೋಡು."

ಎದುರಿನ ತಡೆಗೋಡೆಯಲ್ಲಿ ಸಾಲಾಗಿ ಪೈಪಿನ ತೂತು. ಗೋಡೆ ಹಿಂದಿನ ನೀರು ಇಳಿಯಲಿ ಅಂತ ಇಟ್ಟದ್ದು. ಒಂದೆರಡರಲ್ಲಿ ಸಣ್ಣಗೆ ಸೋರುತ್ತಿತ್ತು. ಮಿಕ್ಕವಕ್ಕೆ ಗುಟ್ಕಾ ಚೀಟಿ, ನೀರಿನ ಬಾಟಲಿ ಗಿಡಿದಿದ್ದರು. ಮಂಜ ಎದ್ದು ಹೋಗಿ ಒಂದು ಬಾಟಲಿ ಕಿತ್ತ. ಕೆಂಪು ನೀರು ಭುಸ್ಸಂತ ಹಾರಿ ಅವನ ಒಗೆದ ಅಂಗಿ, ಮುಖ, ಮೀಸೆ ಎಲ್ಲ ತೋಯಿಸಿತು.

ಗೌಡ್ರು ಚಪ್ಪಾಳೆ ತಟ್ಟಿದರು. "ಉದ್ಘಾಟನೆ ಆಯ್ತು! ಭಾಷಣಕ್ಕೆ ಮೇಷ್ಟ್ರನ್ನ ಮಾತ್ರ ಕರೀಬೇಡ್ರಪ್ಪಾ."